ಮಕ್ಕಳ ತಲೆಯ ಹೇನು

ಬೇಸಗೆಯ ರಜ ಮುಗಿದು ಶಾಲೆ ತೆರೆದ ಕೆಲವು ವಾರಗಳಲ್ಲಿಯೇ ಅನೇಕ ಮನೆಗಳಲ್ಲಿ ಮಕ್ಕಳು ತಲೆ ಕೆರೆದುಕೊಳ್ಳಲಾರಂಭಿಸುವುದು ಗೃಹಸ್ಥರಿಗೆಲ್ಲ ತಿಳಿದ ವಿಷಯವೇ ಆಗಿದೆ. ಆದರೆ ಹೇನೆಂಬ ಮಾತನ್ನೆತ್ತುವುದಕ್ಕೇ ನಾಚುವವರು ಹಲವರು. ಈ ಕ್ಷುದ್ರಜಂತುವಿನಿಂದಾಗುವ ಕೇಡಿಗಿಂತ ಆ ನಾಚಿಕೆಯಿಂದಾಗುವ ಕೇಡೇ ಹೆಚ್ಚೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸುಮಾರು ಮೂವತ್ತು ವರ್ಷಗಳ ಕೆಳಗೆ ಗುಂಡ್ಲುಪೇಟೆಯ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯನಾಗಿದ್ದೆನು. ಐದನೆಯ ತರಗತಿಯ ಬಾಲಿಕೆಯೊಬ್ಬಳ ತಲೆಯಲ್ಲಿ ಹೇನು ಕಂಡುದರಿಂದ ಅವಳನ್ನು ಎಲ್ಲರೆದುರಿಗೆ ಎಬ್ಬಿಸಿ ಮನೆಗೆ ಕಳುಹಿಸಿದೆನು. ಮರುದಿನ ಅವಳ ತಾಯಿ ಮಗಳ ತಲೆ ಬೋಳಿಸಿ ಕರೆತಂದು, “ಈಗಲಾದ್ರೂ ಕೂರಿಸ್ಕೊಳ್ತೀರಾ ಮೇಷ್ಟ್ರೇ?” ಎಂದು ಕೇಳಿದಳು. ಆ ಮಗು ತಾಯಿಯ ಸೆರಗಿನ ಮರೆಯಿಂದ ಹೊರಕ್ಕೆ ಬರಲಿಲ್ಲ. ವಾರದೊಳಗೆ ಶಾಲೆಯನ್ನೇ ಬಿಟ್ಟಿತು. ಅದೇ ತಿಂಗಳು ನನ್ನ ಮಗಳ ತಲೆಯಲ್ಲಿಯೂ ಹೇನು ಸಿಕ್ಕಿತು. ಅವಳನ್ನು ಯಾರೂ ಹೊರಗೆ ಕಳುಹಿಸಲಿಲ್ಲ.

ಹೇನು ಮನುಷ್ಯನಿಗೆ ಹೊಸ ನಂಟಲ್ಲ. ಸಂಸ್ಕೃತದಲ್ಲಿ ಹೇನಿಗೆ ಯೂಕಾ ಎಂದೂ ಸೀರಿಗೆ ಲಿಕ್ಷಾ ಎಂದೂ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇವು ಅಳತೆಯ ಮಾನಗಳೂ ಆಗಿವೆ: 8 ಲಿಕ್ಷೆಗಳಿಗೆ ಒಂದು ಯೂಕೆ, 8 ಯೂಕೆಗಳಿಗೆ ಒಂದು ಯವಮಧ್ಯ. ಇಸ್ರೇಲಿನ ಲಾಖೀಷ್ ಎಂಬಲ್ಲಿ ದೊರೆತ ದಂತದ ಹಣಿಗೆಯೊಂದು ಸುಮಾರು 3,700 ವರ್ಷಗಳಷ್ಟು ಹಳೆಯದು. ಕೂದಲಿನ ಹೇನನ್ನು ಈ ಹಣಿಗೆ ನಿವಾರಿಸಲೆಂಬ ಹಾರೈಕೆ ಅದರ ಮೇಲೆ ಕೆತ್ತಿರುವುದಾಗಿ ವಿದ್ವಾಂಸರು 2022ರಲ್ಲಿ ಪ್ರಕಟಿಸಿದರು. ಹೇನಿಗೂ ಹಣಿಗೆಗೂ ನಡೆಯುವ ಯುದ್ಧ ಅಷ್ಟು ಪುರಾತನವಾದುದು.

ತಲೆಯ ಹೇನು 2-3 ಮಿಲಿಮೀಟರಿನ ಜಂತು. ಅದಕ್ಕೆ ರೆಕ್ಕೆಯಿಲ್ಲ, ಅದು ನೆಗೆಯಲೂ ಅರಿಯದು. ತಲೆಗೆ ತಲೆ ತಗಲಿದಾಗ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಮಕ್ಕಳು ಒತ್ತಾಗಿ ಕುಳಿತು ಆಡುವುದರಿಂದಲೇ ಅವರಲ್ಲಿ ಹೆಚ್ಚು. ದಿನವೂ ಮಿಂದ ತಲೆಗೂ ಮೀಯದ ತಲೆಗೂ ಅದು ಭೇದವೆಣಿಸುವುದಿಲ್ಲ. ಆದುದರಿಂದ ಹೇನು ಕಂಡ ಮನೆ ಕೊಳಕೆಂದು ಹೇಳುವುದು ಅಜ್ಞಾನ. ಟೈಫಸ್ ಜ್ವರವನ್ನು ಹರಡುವುದೆಂದು 1909ರಲ್ಲಿ ಷಾರ್ಲ್ ನಿಕೋಲ್ ಎಂಬ ವಿಜ್ಞಾನಿ ಟ್ಯೂನಿಸ್ ನಗರದಲ್ಲಿ ತೋರಿಸಿದುದು ಬಟ್ಟೆಯಲ್ಲಿರುವ ಮೈಹೇನನ್ನು. ತಲೆಯ ಹೇನು ರೋಗವನ್ನು ಹರಡುವುದಿಲ್ಲ. ಕೆರೆದ ಗಾಯ ಕೀತರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಸೀರು ಒಡೆದು ಮರಿ ಹೊರಬರಲು 7ರಿಂದ 10 ದಿನ ಬೇಕು. ಆ ಮರಿ ಬೆಳೆದು ತಾನೇ ಸೀರಿಡಲು ಮತ್ತೆ ಸುಮಾರು ಅಷ್ಟೇ ದಿನಗಳು. ಒಂದು ದಿನ ಬಾಚಿ ಗೆದ್ದೆವೆಂದು ಸುಮ್ಮನಾದವರು ಸೋಲುವುದು ಈ ಲೆಕ್ಕವನ್ನು ಮರೆತುದರಿಂದಲೇ.

ಮಾಡತಕ್ಕದ್ದಿಷ್ಟು. ಕೂದಲನ್ನು ತೋಯಿಸಿ, ಸಿಕ್ಕು ಬಿಡಿಸಿ, ಎಣ್ಣೆ ಸವರಿ, ಒಂದೊಂದೇ ಎಳೆಯಾಗಿ ವಿಭಾಗಿಸಿ, ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಬಾಚಬೇಕು. ಪ್ರತಿಸಲವೂ ಹಣಿಗೆಯನ್ನು ಬಿಳಿಯ ಬಟ್ಟೆಯ ಮೇಲೆ ಒರಸಿ ನೋಡಬೇಕು. ಮೂರು ದಿನಗಳಿಗೊಮ್ಮೆ ಹೀಗೆ ಎರಡು ವಾರ ಬಿಡದೆ ಮಾಡಬೇಕು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡುವುದು ಅವಶ್ಯ. ಹಣಿಗೆ, ದಿಂಬಿನ ಚೀಲ, ತಲೆವಸ್ತ್ರಗಳನ್ನು ಬಿಸಿನೀರಿನಲ್ಲಿ ಅದ್ದಿದರೆ ಸಾಕು. ತಲೆಯಿಂದ ಬಿದ್ದ ಹೇನು ಎರಡು ದಿನಗಳೊಳಗೆ ಸಾಯುತ್ತದೆ. ಔಷಧ ಬೇಕಾದರೆ ವೈದ್ಯರನ್ನು ಕೇಳಿ ಶೇಕಡ 1ರ ಪರ್ಮೆಥ್ರಿನ್ ದ್ರವವನ್ನು ಹಚ್ಚಬಹುದು. ಅದು ಸೀರನ್ನು ಕೊಲ್ಲದಿರುವುದರಿಂದ ಒಂಬತ್ತು ದಿನಗಳ ಮೇಲೆ ಮತ್ತೊಮ್ಮೆ ಹಚ್ಚಬೇಕಾಗುವುದು.

ಮಾಡಬಾರದ್ದನ್ನೂ ಹೇಳಬೇಕು. ಸೀಮೆಎಣ್ಣೆ ಸುಲಭವಾಗಿ ಬೆಂಕಿ ಹತ್ತುವ ವಸ್ತು. ಅದನ್ನು ಮಗುವಿನ ತಲೆಗೆ ಸವರಕೂಡದು. ಹೊಲಕ್ಕೆಂದು ತಂದಿಟ್ಟ ಕೀಟನಾಶಕ ಪ್ರಾಣಕ್ಕೇ ಅಪಾಯಕರ. ಸೀತಾಫಲದ ಬೀಜವನ್ನು ಅರೆದು ಹಚ್ಚುವಾಗ ಅದು ಕಣ್ಣಿಗಿಳಿದರೆ ಕಣ್ಣು ಕೆಡುತ್ತದೆ. ಇನ್ನು ಹೆಣ್ಣುಮಗುವಿನ ತಲೆ ಬೋಳಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆಯೇ ಸರಿ.

ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಹೇನಿಗಾಗಿ ಮಗುವನ್ನು ತರಗತಿಯಿಂದ ಹೊರಗೆ ಕಳುಹಿಸಬಾರದೆಂಬುದೇ ಇಂದಿನ ಮಕ್ಕಳ ವೈದ್ಯರ ಅಭಿಪ್ರಾಯ. ಸಂಜೆ ತಾಯಿಯನ್ನು ಕರೆದು ಮೆಲ್ಲಗೆ ತಿಳಿಸಿದರಾಯಿತು.

ನಿವೃತ್ತನಾಗಿ ಚಾಮರಾಜನಗರದಲ್ಲಿರುವ ನನಗೆ, ನೆರೆಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡು ಸೀರಣಿಗೆ ಹಿಡಿದಿರುವುದು ದಿನವೂ ಕಾಣುತ್ತದೆ. ಮಗು ಕಥೆ ಕೇಳುತ್ತ ನಗುತ್ತಿರುತ್ತದೆ. ಅಂದು ಸೆರಗಿನ ಮರೆಯಲ್ಲಿ ನಿಂತಿದ್ದ ಆ ಬಾಲಿಕೆಗೆ ಬೇಕಾಗಿದ್ದುದೂ ಇಷ್ಟೇ.