ಹಲ್ಲು ಕಟ್ಟಲು ಹುಟ್ಟಿದ ಅಂಟು

ನಲ್ಲಿಯ ಸಂದಿ ಸೋರಿದರೆ ಪ್ಲಂಬರ್ ತಮ್ಮ ಚೀಲದಿಂದ ಎಂ-ಸೀಲ್ ಪೊಟ್ಟಣ ತೆಗೆಯುತ್ತಾರೆ. ಎರಡು ಮುದ್ದೆಗಳನ್ನು ಚಪಾತಿ ಹಿಟ್ಟಿನಂತೆ ನಾದಿ, ಬಣ್ಣ ಒಂದಾದ ಮೇಲೆ ಸಂದಿಗೆ ಮೆತ್ತುತ್ತಾರೆ. ಒಣಗಿದರೆ ಕಲ್ಲು. ಈ ಅಂಟಿನ ಜಾತಿಗೆ ಎಪಾಕ್ಸಿ ಎಂದು ಹೆಸರು. ಅದರ ಮೂಲ ಹುಡುಕುತ್ತ ಹೋದರೆ ಹಲ್ಲಿನ ಸೆಟ್ ಮಾಡುವವರ ಬಾಗಿಲಿಗೆ ಬಂದು ನಿಲ್ಲುತ್ತೇವೆ.

1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಡಿ ಟ್ರೇ ಕಂಪನಿಯ ರಸಾಯನ ವಿಜ್ಞಾನಿ ಪಿಯರ್ ಕಾಸ್ಟಾನ್ ಕಟ್ಟಿಸುವ ಹಲ್ಲಿಗೆ ಹೊಸ ವಸ್ತು ಹುಡುಕುತ್ತಿದ್ದರು. ಬಿಸ್ಫೀನಾಲ್-ಎ ಮತ್ತು ಎಪಿಕ್ಲೋರೋಹೈಡ್ರಿನ್‌ನಿಂದ ರಾಳ ತಯಾರಿಸಿ, ಗಟ್ಟಿಕಾರಕ ಬೆರೆಸಿದರು. ಗಟ್ಟಿಯಾಗುವಾಗ ಅದು ಕುಗ್ಗುತ್ತಿದ್ದುದು ತೀರ ಕಡಿಮೆ. 1938ರಲ್ಲಿ ಪೇಟೆಂಟ್‌ಗೆ ಅರ್ಜಿ ಹೋಯಿತು. ಹಲ್ಲಿನ ವ್ಯಾಪಾರದಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ. ಹಕ್ಕು ಪಡೆದ ಬಾಸೆಲ್‌ನ ಸೀಬಾ ಕಂಪನಿ 1946ರಲ್ಲಿ ಅದನ್ನು ಅಂಟಾಗಿ ಜನರ ಮುಂದಿಟ್ಟಿತು. ಅದೇ ಅರಾಲ್ಡೈಟ್. 1973ರಲ್ಲಿ ಉದ್ಘಾಟನೆಯಾದ ಸಿಡ್ನಿ ಒಪೆರಾ ಹೌಸ್‌ನ ಚಾವಣಿಯಲ್ಲಿ ಕಾಂಕ್ರೀಟ್ ತುಂಡುಗಳ ನಡುವೆ ಕೂತಿರುವುದೂ ಎಪಾಕ್ಸಿಯೇ.

ಕಟ್ಟಡದಿಂದ ಆಟದ ಅಂಗಳಕ್ಕೂ ಈ ಅಂಟು ಬಂತು. ಅಮೆರಿಕದ ಡೆಲವೇರ್‌ನಲ್ಲಿ 1986ರಲ್ಲಿ ಕುಂಬಳಕಾಯಿ ಎಸೆಯುವ ಸ್ಪರ್ಧೆ ಶುರುವಾಯಿತು. ಕವಣೆಯಂತ್ರಗಳ ಸಾಲಿಗೆ ಮುಂದೆ ಒತ್ತಿದ ಗಾಳಿಯಿಂದ ಕಾಯಿ ಹಾರಿಸುವ ಗಾಳಿ ಫಿರಂಗಿಗಳೂ ಸೇರಿದವು. ಹವ್ಯಾಸಿಗಳು ಮನೆಯಂಗಳದಲ್ಲೇ ಪಿವಿಸಿ ಪೈಪಿನ ಪುಟ್ಟ ಫಿರಂಗಿ ಜೋಡಿಸತೊಡಗಿದರು. ಪಿವಿಸಿಗೆ ಪಿವಿಸಿ ಕೂಡಿಸಲು ಸಾಲ್ವೆಂಟ್ ಸಿಮೆಂಟ್ ಇದೆ; ಅದು ಎರಡರ ಮೈಯನ್ನೂ ಕರಗಿಸಿ ಬೆಸೆಯುತ್ತದೆ. ಫಿರಂಗಿಯ ಹಿತ್ತಾಳೆ ವಾಲ್ವಿನ ಮುಂದೆ ಅದರ ಆಟ ನಡೆಯದು. ಲೋಹ ಮತ್ತು ಪ್ಲಾಸ್ಟಿಕ್ ಕೂಡುವ ಆ ಜಾಗಕ್ಕೆ ಎಪಾಕ್ಸಿ ಬಂತು. ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ಜಿಡ್ಡು ತೆಗೆದು ಹಚ್ಚಿದರೆ ಗಾಳಿ ಸೋರುವುದು ನಿಲ್ಲುತ್ತದೆ.

ಸೋರಿಕೆ ನಿಂತರೆ ಫಿರಂಗಿ ಗಟ್ಟಿಯಾಯಿತು ಎಂದು ನಂಬುವುದೇ ದೊಡ್ಡ ತಪ್ಪು. ಅಂಟು ಸಂದಿ ಮುಚ್ಚುತ್ತದೆ, ಪೈಪಿನ ಬಲ ಹೆಚ್ಚಿಸುವುದಿಲ್ಲ. ಅಷ್ಟೇ ಒತ್ತಡದ ನೀರಿಗಿಂತ ಒತ್ತಿ ತುಂಬಿದ ಗಾಳಿಯಲ್ಲಿ ಸಾವಿರಾರು ಪಟ್ಟು ಶಕ್ತಿ ಅಡಗಿರುತ್ತದೆ. ನೀರಿನ ಪೈಪು ಬಿರಿದರೆ ನೆಲ ಒದ್ದೆಯಾದೀತು. ಗಾಳಿ ತುಂಬಿದ ಪಿವಿಸಿ ಒಡೆದರೆ ಚೂರುಗಳು ಚಾಕುವಿನಂತೆ ಹಾರುತ್ತವೆ. ಬಿಸಿಲು ತಿಂದ ಪೈಪು ಇನ್ನೂ ಪೆಡಸು. ಟೆಕ್ಸಾಸ್‌ನ ಕಾರ್ಖಾನೆಯೊಂದರಲ್ಲಿ ಹೀಗೆ ಪೈಪು ಸಿಡಿದು ಕಾರ್ಮಿಕರೊಬ್ಬರು ಗಾಯಗೊಂಡ ಮೇಲೆ, 1988ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. 2016ರ ಕುಂಬಳಕಾಯಿ ಸ್ಪರ್ಧೆಯಲ್ಲೂ ಫಿರಂಗಿಯಿಂದ ಹಾರಿದ ಲೋಹದ ತುಂಡು ಬಡಿದು ಮಹಿಳೆಯೊಬ್ಬರು ತೀವ್ರವಾಗಿ ಗಾಯಗೊಂಡರು.

ನೀರು ಸೋರುವ ಸಂದಿಗೆ ಎಪಾಕ್ಸಿ ಸಾಕು. ಪಿವಿಸಿ ಪೈಪಿಗೆ ಗಾಳಿ ಒತ್ತಿ ತುಂಬುವ ಸಾಹಸ ಮಾತ್ರ ಬೇಡ.