ಅಗ್ನಿಶಾಮಕರ ಉಡುಪು: ಅದರ ಆಯ್ಕೆ ಮತ್ತು ಪಾಲನೆ

ಬೆಂಕಿಯನ್ನು ಆರಿಸಲು ಹೋಗುವವನ ಉಡುಪಿಗೆ ಬೆಂಕಿ ಹತ್ತಬಾರದೆಂಬುದು ಎಲ್ಲರಿಗೂ ಸಹಜವಾಗಿ ತೋರುವ ಮಾತು. ಆದರೆ ಅಷ್ಟೇ ಸಾಲದು. ಉಡುಪು ಉರಿಯದಿದ್ದರೂ ಅದರೊಳಗಿನ ಮೈ ಬೇಯಬಹುದು. ಮೈ ಬೇಯದಿದ್ದರೂ ತನ್ನ ದೇಹದ ಕಾವು ಹೊರಹೋಗದೆ ಮನುಷ್ಯನು ಕುಸಿಯಬಹುದು. ಇವೆರಡೂ ಆಗದೆ, ಬಟ್ಟೆಯಲ್ಲಿ ಉಳಿದ ಮಸಿಯು ಎಷ್ಟೋ ವರ್ಷಗಳ ತರುವಾಯ ಅವನನ್ನು ಬಾಧಿಸಬಹುದು. ಈ ಮೂರು ಅಪಾಯಗಳ ಪರಿಹಾರಗಳು ಪರಸ್ಪರ ಹೊಂದುವುದಿಲ್ಲ. ಇದೇ ಈ ವಿಷಯದ ತೊಡಕು.

ಮೊದಲು ನಾರಿನ ವಿಚಾರವನ್ನು ನೋಡೋಣ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಸುಮಾರು ಶೇಕಡಾ 21. ಒಂದು ನಾರು ಸತತವಾಗಿ ಉರಿಯಲು ಬೇಕಾದ ಕನಿಷ್ಠ ಆಮ್ಲಜನಕದ ಪ್ರಮಾಣವನ್ನು ಪ್ರಯೋಗದಿಂದ ಅಳೆಯಬಹುದು. ಹತ್ತಿಗೆ ಅದು ಸುಮಾರು 18; ಎಂದರೆ ಹತ್ತಿಯು ಗಾಳಿಯಲ್ಲಿ ಸಲೀಸಾಗಿ ಉರಿಯುವುದು. ಉಣ್ಣೆಗೆ ಸುಮಾರು 25. ಹಿಂದಿನವರು ದಪ್ಪ ಉಣ್ಣೆಯ ಅಂಗಿಯನ್ನು ನಂಬಿದ್ದುದು ಅನುಭವದಿಂದ ಬಂದ ವಿವೇಕವೇ ಸರಿ. 1960ರ ದಶಕದಲ್ಲಿ ಡ್ಯೂಪಾಂಟ್ ಸಂಸ್ಥೆಯವರು ಮಾರುಕಟ್ಟೆಗೆ ತಂದ ನೋಮೆಕ್ಸ್‌ಗೆ ಈ ಸಂಖ್ಯೆ 28ರ ಆಸುಪಾಸು. ಪಾಲಿಬೆನ್ಝಿಮಿಡಜೋಲ್ ನಾರಿಗೆ ಸುಮಾರು 40. ನೋಮೆಕ್ಸ್ ನೈಲಾನಿನ ಬಂಧುವೇ ಹೌದು. ಆದರೆ ನೈಲಾನ್ ಸುಮಾರು 260 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದು. ಬೆನ್ಝೀನ್ ಉಂಗುರಗಳಿಂದ ಬಿಗಿಗೊಂಡ ನೋಮೆಕ್ಸ್ ಕರಗದೆ ಇದ್ದಿಲಾಗುವುದು.

ಇಂದಿನ ಉಡುಪಿನಲ್ಲಿ ಮೂರು ಪದರಗಳಿರುತ್ತವೆ: ಜ್ವಾಲೆಯನ್ನೂ ತರಚುವಿಕೆಯನ್ನೂ ತಾಳುವ ಹೊರಪದರ, ನೀರನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ನಡುಪದರ, ಕಾವನ್ನು ತಡೆಯುವ ಒಳಪದರ. ಒಳಪದರದಲ್ಲಿ ಕಾವನ್ನು ತಡೆಯುವುದು ಮುಖ್ಯವಾಗಿ ಬಟ್ಟೆಯಲ್ಲ, ಎಳೆಗಳ ನಡುವೆ ನಿಶ್ಚಲವಾಗಿ ನಿಂತ ಗಾಳಿ. ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸಿದರೆ ಪರಿಸ್ಥಿತಿಯೇ ಬದಲಾಗುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಬೆವರಿನಿಂದ ತೊಯ್ದ ಒಳಪದರವು ಹೆಗಲಿನ ಮೇಲೆ ಉಸಿರಾಟದ ಸಲಕರಣೆಯ ಪಟ್ಟಿಯಿಂದ ಒತ್ತಿಹೋದಾಗ, ಅಥವಾ ತೆವಳುವಾಗ ಮಂಡಿಯ ಬಳಿ ಅಮುಕಿಹೋದಾಗ, ಅಲ್ಲಿ ಗಾಳಿಯೆಂಬುದು ಬಹುಮಟ್ಟಿಗೆ ಉಳಿಯುವುದಿಲ್ಲ. ಚರ್ಮದ ಉಷ್ಣತೆ 44 ಡಿಗ್ರಿಗೆ ಏರಿದಾಗ ನೋವು, 55ರ ಸುಮಾರಿಗೆ ಬೊಬ್ಬೆ. ಹೊರಪದರದಲ್ಲಿ ಒಂದು ಕಲೆಯೂ ಇಲ್ಲದೆ ಒಳಗೆ ಮೈ ಸುಟ್ಟಿರುವುದು ಹೀಗೆ ಸಂಭವಿಸುತ್ತದೆ. ಆದುದರಿಂದ ಅಳತೆ ನೋಡುವಾಗ ನೇರವಾಗಿ ನಿಂತು ನೋಡಿದರೆ ಸಾಲದು; ಕೈಯೆತ್ತಿ, ಬಗ್ಗಿ, ಮಂಡಿಯೂರಿ ನೋಡಬೇಕು. ಬಿಗಿಯಾದ ಉಡುಪು ನೋಟಕ್ಕೆ ಚೆನ್ನ, ಕೆಲಸಕ್ಕಲ್ಲ.

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ ಮಾನಕದಲ್ಲಿ ಎರಡು ಸಂಖ್ಯೆಗಳು ಮುಖ್ಯವಾದುವು. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 2 ಕ್ಯಾಲೊರಿಯಂತೆ ಉಷ್ಣವನ್ನು ಹಾಯಿಸಿ, ಎರಡನೆಯ ದರ್ಜೆಯ ಸುಟ್ಟಗಾಯವಾಗಲು ಹಿಡಿಯುವ ಕಾಲವನ್ನು ಗಣಿಸುತ್ತಾರೆ. ಇವೆರಡರ ಗುಣಲಬ್ಧವು 35ಕ್ಕೆ ಕಡಮೆಯಿರಬಾರದು. ಅಂದರೆ ಹದಿನೇಳೂವರೆ ಸೆಕೆಂಡು. ಇದು ತಪ್ಪಿಸಿಕೊಳ್ಳಲು ದೊರೆವ ಅವಕಾಶವೇ ಹೊರತು ಬೆಂಕಿಯೊಳಗೆ ನಿಂತು ದುಡಿಯುವ ಅವಧಿಯಲ್ಲ. ಎರಡನೆಯದು, ದೇಹದ ಕಾವು ಹೊರಹೋಗುವ ಪ್ರಮಾಣ: ಚದರ ಮೀಟರಿಗೆ ಕನಿಷ್ಠ 205 ವಾಟ್. ಪದರ ದಪ್ಪವಾದಷ್ಟೂ ಮೊದಲನೆಯದು ಏರಿ ಎರಡನೆಯದು ಇಳಿಯುತ್ತದೆ. ನಮ್ಮ ಕರಾವಳಿಯಂತಹ ಸೆಕೆಯ ನಾಡಿನಲ್ಲಿ ಮೊದಲನೆಯ ಸಂಖ್ಯೆಯನ್ನು ಸುಮ್ಮನೆ ಹೆಚ್ಚಿಸುತ್ತ ಹೋಗುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಇನ್ನು ಪಾಲನೆಯ ವಿಚಾರ. ಮಸಿ ಹಿಡಿದ ಕೋಟನ್ನು ಶೌರ್ಯದ ಗುರುತೆಂದು ಮೆರೆಸುವ ವಾಡಿಕೆ ಹಲವೆಡೆ ಇದ್ದಿತು. ಚಿಮಣಿ ಗುಡಿಸುವವರ ಅರ್ಬುದಕ್ಕೆ ಮಸಿಯೇ ಕಾರಣವೆಂದು ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಷ್ಟು ಹಿಂದೆಯೇ ತಿಳಿಸಿದ್ದನು. 2022ರಲ್ಲಿ ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ಅಗ್ನಿಶಾಮಕ ವೃತ್ತಿಯನ್ನೇ ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ಹೀಗಿರಲು, ಬೆಂಕಿಯ ಸ್ಥಳದಲ್ಲಿಯೇ ಉಡುಪನ್ನು ನೀರಿನಿಂದ ತೊಳೆದು, ಚೀಲದಲ್ಲಿ ಕಟ್ಟಿ ತರುವುದು ಅವಶ್ಯ. ಮನೆಗೆ ಒಯ್ದು ಮಕ್ಕಳ ಬಟ್ಟೆಯೊಡನೆ ಒಗೆಯುವುದು ಕೂಡದು. ಪದರಗಳನ್ನು ಬಿಡಿಸಿ ಬೇರೆ ಬೇರೆಯಾಗಿ, 40 ಡಿಗ್ರಿಗೆ ಮೀರದ ನೀರಿನಲ್ಲಿ, ಸೌಮ್ಯವಾದ ಮಾರ್ಜಕದಿಂದ ಒಗೆಯಬೇಕು. ಕ್ಲೋರಿನ್ ಬ್ಲೀಚು ಅರಾಮಿಡ್ ನಾರಿಗೆ ಶತ್ರು.

ಬಿಸಿಲೂ ಹಾಗೆಯೇ. ಒಗೆದುದನ್ನು ಬಿಸಿಲಿಗೆ ಹರವುವುದು ನಮ್ಮ ಮನೆಗಳಲ್ಲಿ ಶುಚಿತ್ವದ ಲಕ್ಷಣ. ಈ ಉಡುಪಿನ ಮಟ್ಟಿಗೆ ಅದೇ ಕೇಡು. ಅತಿನೇರಳೆ ಕಿರಣಗಳು ಕೆವ್ಲಾರ್ ಮೊದಲಾದ ನಾರುಗಳ ಅಣುಸರಪಣಿಯನ್ನು ಕಡಿದು, ಬಟ್ಟೆಯನ್ನು ದುರ್ಬಲಗೊಳಿಸುತ್ತವೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ತೂಗುಹಾಕಬೇಕು. ಮಳೆಗಾಲದಲ್ಲಿ ಹೀಗೆ ಒಣಗಲು ದಿನಗಳೇ ಹಿಡಿಯುವುದರಿಂದ, ಪ್ರತಿಯೊಬ್ಬನಿಗೂ ಎರಡನೆಯ ಜೊತೆ ಉಡುಪು ಇರಲೇಬೇಕು. ಇದನ್ನು ದುಂದುವೆಚ್ಚವೆನ್ನುವವರು ಹಸಿ ಒಳಪದರದ ಗುಣವನ್ನು ಅರಿಯದವರು.

ಹರಿದುದನ್ನು ಅದೇ ಜಾತಿಯ ದಾರದಿಂದ ಹೊಲಿಸಬೇಕು. ಹತ್ತಿಯ ದಾರ ಸುಟ್ಟರೆ ಹೊಲಿಗೆ ಬಿಚ್ಚಿಕೊಳ್ಳುವುದು. ನಡುಪದರದ ದೋಷ ಮಾತ್ರ ಕಣ್ಣಿಗೆ ಸುಲಭವಾಗಿ ಕಾಣದು. ಅದನ್ನು ಬೋಗುಣಿಯಂತೆ ಹಿಡಿದು, ಒಂದು ಭಾಗ ಆಲ್ಕೋಹಾಲಿಗೆ ಆರು ಭಾಗ ನೀರು ಬೆರೆಸಿ ಸುರಿದು, ಮೂರು ನಿಮಿಷ ಕಾಯುವ ಸರಳ ಪರೀಕ್ಷೆಯೊಂದುಂಟು. ಮರುಬದಿಯಲ್ಲಿ ತೇವ ಕಂಡರೆ ಆ ಪದರವನ್ನು ದುರಸ್ತಿಗೆ ಕಳುಹಬೇಕು. ಎಷ್ಟೇ ಜೋಪಾನ ಮಾಡಿದರೂ ತಯಾರಾದ ದಿನದಿಂದ ಹತ್ತು ವರ್ಷ ಕಳೆದ ಉಡುಪನ್ನು ಸೇವೆಯಿಂದ ತೆಗೆಯಬೇಕೆಂದು ಮೇಲೆ ಹೇಳಿದ ಸಂಘದ ನಿಯಮ. ಅಂತಹುದಕ್ಕೆ ಸ್ಪಷ್ಟವಾದ ಗುರುತು ಹಾಕಿ, ಬೆಂಕಿಯಿಲ್ಲದ ತರಬೇತಿಗೆ ಮಾತ್ರ ಉಪಯೋಗಿಸಬಹುದು.