ಕೊಡಗಿನ ತೋಟದ ಹಾದಿಗಳೂ ಜೀಪಿನ ಎತ್ತರವೂ

ಸಾರಿಗೆಯ ಇತಿಹಾಸವನ್ನು ಬರೆಯುವವರು ರಸ್ತೆ, ಸೇತುವೆ, ಘಾಟಿಗಳ ವಿವರಗಳನ್ನು ಕೊಡುತ್ತಾರೆ. ಆ ರಸ್ತೆಗಳಿಗೆ ಹೊಂದುವಂತೆ ಜನರು ತಮ್ಮ ವಾಹನಗಳನ್ನು ಹೇಗೆ ತಿದ್ದಿಕೊಂಡರೆಂಬುದನ್ನು ಗಮನಿಸುವುದು ವಿರಳ. ಕೊಡಗಿನಲ್ಲಿ ಈ ತಿದ್ದುಪಡಿ ಇಂದಿಗೂ ನಡೆದೇ ಇದೆ. ವಾಹನದ ಒಡಲನ್ನು ಎರಡು ಮೂರು ಅಂಗುಲ ಮೇಲಕ್ಕೆತ್ತುವ ಲಿಫ್ಟ್ ಕಿಟ್ಟು, ಮುಂಭಾಗವನ್ನು ಮಾತ್ರ ಎತ್ತಿ ಹಿಂಭಾಗಕ್ಕೆ ಸಮಗೊಳಿಸುವ ಲೆವೆಲಿಂಗ್ ಕಿಟ್ಟು ಎಂಬ ಎರಡು ಸಾಧನಗಳು ಇದಕ್ಕೆ ಬಳಕೆಯಾಗುತ್ತವೆ. ಇವುಗಳಲ್ಲಿ ಯಾವುದು ಯಾರಿಗೆ ಬೇಕು, ಅಥವಾ ಬೇಕೇ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡನೆಯ ಮಹಾಯುದ್ಧದ ಸೇನಾವಾಹನವಾಗಿದ್ದ ವಿಲ್ಲಿಸ್ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆಯು ಮುಂಬಯಿಯಲ್ಲಿ ಜೋಡಿಸತೊಡಗಿತು. 1985ರಲ್ಲಿ ಮಾರುತಿ ಜಿಪ್ಸಿ ಬಂದಿತು. ಇವೆರಡರಲ್ಲಿಯೂ ಹಿಂದೆ ಮುಂದೆ ಗಟ್ಟಿ ಅಚ್ಚು, ಅದರ ಮೇಲೆ ಲೀಫ್ ಸ್ಪ್ರಿಂಗು. 2020ರ ಥಾರ್ ವಾಹನದಲ್ಲಾದರೋ ಮುಂದಿನ ಎರಡು ಚಕ್ರಗಳು ಪ್ರತ್ಯೇಕವಾಗಿ ಏರಿಳಿಯುತ್ತವೆ, ಸುರುಳಿ ಸ್ಪ್ರಿಂಗುಗಳಿವೆ, ನೆಲದಿಂದ ತಳದ ಎತ್ತರ 226 ಮಿಲಿಮೀಟರು. ಆದಕಾರಣ ಒಂದಕ್ಕೆ ಹೊಂದುವ ಕಿಟ್ಟು ಮತ್ತೊಂದಕ್ಕೆ ಹೊಂದದು.

ಈಗ ಹಾದಿಯನ್ನು ನೋಡೋಣ. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯಲ್ಲಿ ಕಾಫಿ ತೋಟದ ಮಣ್ಣಿನ ಹಾದಿಯ ಮೇಲೆ ಚಕ್ರಗಳು ಹರಿದಲ್ಲೆಲ್ಲ ಎರಡು ಕೊರಕಲುಗಳು ಆಳವಾಗುತ್ತ ಹೋಗಿ, ನಡುವಿನ ದಿಣ್ಣೆ ಹಾಗೆಯೇ ಉಳಿಯುತ್ತದೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಒಯ್ಯುವ ಬಾಡಿಗೆ ಜೀಪಿನವರಿಗೂ ಇದು ಪರಿಚಿತವೇ. ಈ ದಿಣ್ಣೆ ಮೊದಲು ತಾಗುವುದು ವಾಹನದ ಒಡಲಿಗಲ್ಲ, ಅಚ್ಚಿನ ನಡುವೆ ಜೋತುಬಿದ್ದಂತಿರುವ ಡಿಫರೆನ್ಶಿಯಲ್ಲಿಗೆ. ಜನರು ಬಹುವಾಗಿ ಎಡವುವುದೂ ಇಲ್ಲಿಯೇ. ಗಟ್ಟಿ ಅಚ್ಚಿನ ವಾಹನದಲ್ಲಿ ಸ್ಪ್ರಿಂಗನ್ನು ಎಷ್ಟು ಎತ್ತರಿಸಿದರೂ ಅಚ್ಚು ಇದ್ದಲ್ಲಿಯೇ ಇರುತ್ತದೆ. ಏರುವುದು ಅದರ ಮೇಲಿನ ಒಡಲು ಮಾತ್ರ. ಅಚ್ಚನ್ನು ನೆಲದಿಂದ ಮೇಲಕ್ಕೆತ್ತುವ ಶಕ್ತಿ ದೊಡ್ಡ ಟೈರಿಗಷ್ಟೇ ಉಂಟು. ಅದೂ ಅರ್ಧದಷ್ಟು: ವ್ಯಾಸ ಎರಡು ಅಂಗುಲ ಹೆಚ್ಚಿದರೆ ಅಚ್ಚು ಏರುವುದು ಒಂದೇ ಅಂಗುಲ. ಥಾರಿನ ಮುಂದಿನ ಡಿಫರೆನ್ಶಿಯಲ್ ಚಾಸಿಗೆ ಬಿಗಿದಿರುವುದರಿಂದ ಒಡಲಿನೊಡನೆ ಅದೂ ಏರುತ್ತದೆಂಬುದು ನಿಜ. ಆದರೆ ಚಕ್ರಗಳಿಗೆ ಹೋಗುವ ದಂಡಗಳು ಆಗ ಹೆಚ್ಚು ಓರೆಯಾಗಿ, ಅವುಗಳ ಸಂದುಗಳು ಬೇಗ ಸವೆಯುತ್ತವೆ.

ಹಾಗಾದರೆ ಲಿಫ್ಟ್ ಕಿಟ್ಟಿನ ಪ್ರಯೋಜನವೇನು? ಚರಂಡಿಯನ್ನು ದಾಟುವಾಗ, ಕಡಿದಾದ ದಿಬ್ಬವನ್ನು ಹತ್ತುವಾಗ ವಾಹನದ ಮೂಗೂ ಬಾಲವೂ ಹೊಟ್ಟೆಯೂ ನೆಲಕ್ಕೆ ಉಜ್ಜದಂತೆ ಮಾಡುವುದು, ದೊಡ್ಡ ಟೈರಿಗೆ ಎಡೆಗೊಡುವುದು, ಇಷ್ಟೇ. ಇದಕ್ಕೆ ತೆರಬೇಕಾದ ಬೆಲೆ ಸ್ಥಿರತೆಯಲ್ಲಿದೆ. ಎಡಬಲ ಚಕ್ರಗಳ ಅಂತರ 1,500 ಮಿಲಿಮೀಟರು, ಭಾರಕೇಂದ್ರದ ಎತ್ತರ 750 ಮಿಲಿಮೀಟರು ಎಂದು ಊಹಿಸಿದರೆ, ನಿಂತ ವಾಹನ ಪಕ್ಕಕ್ಕೆ ಉರುಳುವ ಇಳಿಜಾರು ಲೆಕ್ಕದಲ್ಲಿ 45 ಡಿಗ್ರಿ. ಭಾರಕೇಂದ್ರ 75 ಮಿಲಿಮೀಟರು ಏರಿದರೆ ಅದು ಸುಮಾರು 42ಕ್ಕೆ ಇಳಿಯುತ್ತದೆ. ಅಂತರ ಅಲ್ಪವೆನಿಸಬಹುದು, ಆದರೆ ಚಲಿಸುವ ವಾಹನ ಒಂದು ಕಡೆಯ ಚಕ್ರವನ್ನು ಕೊರಕಲಿಗೆ ಇಳಿಸಿದಾಗ, ಸ್ಪ್ರಿಂಗು ಆ ಕಡೆಗೆ ಬಾಗಿದಾಗ, ಈ ಮಿತಿ ಇನ್ನೂ ಬಹಳ ಕೆಳಗೆ ಬರುತ್ತದೆ. ಒಂದು ಬದಿಯಲ್ಲಿ ಕಂದಕವಿರುವ ಹಾದಿಯಲ್ಲಿ ಮೂರು ಡಿಗ್ರಿಯನ್ನು ಸುಮ್ಮನೆ ಬಿಟ್ಟುಕೊಡಲಾಗದು. ಬ್ರೇಕಿನ ರಬ್ಬರು ಕೊಳವೆಯ ಉದ್ದ ಸಾಲದೆ ಹೋಗುವುದೂ ಉಂಟು.

ಲೆವೆಲಿಂಗ್ ಕಿಟ್ಟಿನ ವಿಷಯ ಬೇರೆ. ಹೊರೆ ಹೊರುವ ವಾಹನದ ಹಿಂಭಾಗವನ್ನು ತುಸು ಎತ್ತರವಾಗಿ ನಿರ್ಮಿಸಿರುವುದು ಹೊರೆಗಾಗಿಯೇ. 50 ಕಿಲೋಗ್ರಾಮಿನ ಆರು ಕಾಫಿ ಚೀಲಗಳನ್ನು ಹೇರಿದರೆ ಹಿಂದೆ 300 ಕಿಲೋಗ್ರಾಂ ಕೂಡಿ, ಹಿಂಭಾಗ ಕುಗ್ಗಿ, ವಾಹನ ತಾನಾಗಿಯೇ ಸಮಕ್ಕೆ ಬರುತ್ತದೆ. ಬರಿದಾಗಿದ್ದಾಗ ಚೆನ್ನಾಗಿ ಕಾಣಲೆಂದು ಮುಂಭಾಗವನ್ನು ಎತ್ತಿಸಿದವನ ಜೀಪು, ಕೊಯ್ಲಿನ ಕಾಲದಲ್ಲಿ ಹೊರೆ ಹೊತ್ತು ಮೂಗನ್ನು ಆಕಾಶಕ್ಕೆ ಮಾಡಿ ನಿಲ್ಲುತ್ತದೆ! ಆಗ ದೀಪಗಳ ಬೆಳಕು ಎದುರು ಬರುವವರ ಕಣ್ಣಿಗೆ ರಾಚುತ್ತದೆ. ಏರಿನಲ್ಲಿ ಮುಂದಿನ ಚಕ್ರಗಳ ಹಿಡಿತ ಸಡಿಲುತ್ತದೆ. ಮುಂಭಾಗದಲ್ಲಿ ವಿಂಚು ಮುಂತಾದ ಭಾರವನ್ನು ಶಾಶ್ವತವಾಗಿ ಕೂಡಿಸಿ, ಅದರಿಂದ ಮೂಗು ತಗ್ಗಿದ್ದರೆ ಮಾತ್ರ ಇದಕ್ಕೆ ಅರ್ಥವುಂಟು. ದುಡಿಯುವ ತೋಟದ ವಾಹನಕ್ಕೆ ಇದು ಬೇಡವೆಂದೇ ನನ್ನ ಅಭಿಪ್ರಾಯ.

ಕಾನೂನಿನ ತೊಡಕೂ ಇದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು, 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ವಿವರಿಸುತ್ತ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಆರು ತಿಂಗಳವರೆಗಿನ ಸೆರೆ, ಇಲ್ಲವೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಿದೆ. ತೋಟದೊಳಗೆ ದುಡಿಯುವ ಜೀಪೂ ಸಂತೆಗೋ ಆಸ್ಪತ್ರೆಗೋ ಹೋಗಲು ಸಾರ್ವಜನಿಕ ರಸ್ತೆಗೆ ಇಳಿಯಲೇಬೇಕಷ್ಟೆ.

ಆದುದರಿಂದ ಕಿಟ್ಟನ್ನು ಕೊಳ್ಳುವ ಮೊದಲು ಅಳತೆಪಟ್ಟಿಯನ್ನು ಹಿಡಿಯುವುದು ಲೇಸು. ಸಮನೆಲದಲ್ಲಿ ವಾಹನವನ್ನು ನಿಲ್ಲಿಸಿ, ಪ್ರತಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ಬರಿದಾಗಿದ್ದಾಗ ಒಮ್ಮೆ, ಎಂದಿನ ಹೊರೆಯೊಡನೆ ಇನ್ನೊಮ್ಮೆ. ಹಳೆಯ ಜೀಪುಗಳಲ್ಲಿ ಲೀಫ್ ಸ್ಪ್ರಿಂಗುಗಳು ವರ್ಷಗಟ್ಟಲೆ ಹೊರೆ ಹೊತ್ತು ಬಾಗನ್ನು ಕಳೆದುಕೊಂಡಿರುತ್ತವೆ. ಅದೇ ಮಾದರಿಯ ಹೊಸ ಸ್ಪ್ರಿಂಗುಗಳನ್ನು ಹಾಕಿಸಿದರೆ ಕಳೆದುಹೋದ ಎತ್ತರವು ಮರಳಿ ಬರುತ್ತದೆ. ಇದಕ್ಕೆ ಯಾವ ಅಧಿಕಾರಿಯ ಅನುಮತಿಯೂ ಬೇಕಿಲ್ಲ.